ಹದಿಮೂರು ಇಂಚಿನ ಗಾಲಿಗಳು

ಅಕ್ಕನ ಗಂಡ ದೇವದುರ್ಗದಲ್ಲಿ ಡ್ರೈವಿಂಗ್ ಶಾಲೆ ನಡೆಸುತ್ತಾನೆ. ನಾನು ಅವನನ್ನು ಮಾಮ ಅನ್ನುತ್ತೇನೆ. ಎದುರಿಗೆ ಬಹುವಚನ, ಇಲ್ಲಿ ಬರೆಯುವಾಗ ಏಕವಚನ. ಇಷ್ಟು ಸೇಡು ನನಗಿರಲಿ.

ಅವನ ಶಾಲೆಯಲ್ಲಿ ಹದಿನಾಲ್ಕು ವರ್ಷ ದುಡಿದು ಮೂಲೆ ಸೇರಿದ್ದ ಒಂದು ಸಣ್ಣ ಕಾರಿತ್ತು. ಕಲಿಸುವವನ ಕಾಲಿಗೂ ಬ್ರೇಕ್ ಇರುವಂಥದ್ದು. ಅದನ್ನು ಗುಜರಿಗೆ ಹಾಕುವ ಬದಲು ಮಣ್ಣಿನ ಮೈದಾನದ ಓಟಕ್ಕೆ ಸಿದ್ಧಮಾಡೋಣ ಅಂದವನು ನಾನೇ. ಆಟೋಕ್ರಾಸ್ ಎಂಬ ಈ ಓಟದಲ್ಲಿ ಕಾರುಗಳು ಒಂದರ ಬೆನ್ನಿಗೊಂದು ಬಿದ್ದು ಓಡುವುದಿಲ್ಲ. ಬಯಲಿನಲ್ಲಿ ತಿರುವುಗಳ ಗುರುತು ಹಾಕಿರುತ್ತಾರೆ, ಒಂದೊಂದೇ ಕಾರು ಒಬ್ಬಂಟಿಯಾಗಿ ಓಡಬೇಕು, ಯಾರು ಕಡಿಮೆ ಸಮಯದಲ್ಲಿ ಮುಗಿಸುತ್ತಾರೋ ಅವರು ಗೆದ್ದಂತೆ. ನಮ್ಮಂಥ ಹವ್ಯಾಸದವರಿಗೆ ಹೇಳಿ ಮಾಡಿಸಿದ ಆಟ.

ನಾನು ಮಾನ್ವಿಯಲ್ಲಿ ಹೈಸ್ಕೂಲಿನ ವಿಜ್ಞಾನ ಮಾಸ್ತರ. ಹಿರೇಕೊಟ್ನೆಕಲ್ಲಿನಲ್ಲಿ ಹುಟ್ಟಿದವನು. ನನ್ನ ಅವ್ವ ಬೇರೆಯವರ ಗದ್ದೆಯಲ್ಲಿ ಸಸಿ ಹಚ್ಚಿಯೇ ನಮ್ಮಿಬ್ಬರನ್ನು ಓದಿಸಿದಳು. ಮನೆಯಲ್ಲಿ ಸೈಕಲ್ಲೂ ಇರಲಿಲ್ಲ. ಅದಕ್ಕೇ ಇರಬೇಕು, ನನಗೆ ಗಾಲಿಗಳ ಹುಚ್ಚು. ಎರಡು ವರ್ಷ ಪ್ರತಿ ಭಾನುವಾರ ಬಸ್ಸು ಹತ್ತಿ ದೇವದುರ್ಗಕ್ಕೆ ಹೋದೆ. ಮೇಲಿನ ಟಪ್ಪು ಕೊಯ್ಯಿಸಿ, ಮಗುಚಿದರೆ ತಲೆ ಉಳಿಯಲೆಂದು ಪೈಪಿನ ಪಂಜರ ಬೆಸುಗೆ ಮಾಡಿಸಿ, ಎರಡನೇ ಬ್ರೇಕು ಕಳಚಿ, ಹಿಂದಿನ ಸೀಟು ಕಿತ್ತು ಎರಡೇ ಸೀಟಿನ ತೆರೆದ ಕಾರು ಮಾಡಿದೆವು. ಓಣಿಯ ಜನ ಅದನ್ನು ಬೋಳು ಕಾರು ಅಂತ ಕರೆದರು. ಓಡಿಸುವುದು ಇಬ್ಬರೂ, ಸರದಿ ಪ್ರಕಾರ ಅಂತ ಮಾತಾಗಿತ್ತು.

ಉಳಿದದ್ದು ಗಾಲಿ ಮತ್ತು ಟೈರು. ಅದನ್ನು ನಾನು ನನ್ನ ಪಾಲಿನ ಕೆಲಸ ಅಂದುಕೊಂಡೆ. ಒಂದು ನೋಟ್‌ಬುಕ್ಕು ಇಟ್ಟೆ. ಭತ್ತ ಕೊಯ್ದು ಒಣಗಿದ ಗದ್ದೆಯಲ್ಲಿ ಹಳೆಯ ಟೈರುಗಳಿಗೇ ಗಾಳಿ ಹೆಚ್ಚು ಕಡಿಮೆ ಮಾಡಿ ಓಡಿಸಿ, ಯಾವ ತಿರುವಿನಲ್ಲಿ ಎಷ್ಟು ಜಾರಿತು ಅಂತ ಬರೆದುಕೊಂಡೆ. ನಮ್ಮ ಕಡೆಯ ಎರೆಮಣ್ಣು ಮೇಲೆ ಹಿಟ್ಟು, ಕೆಳಗೆ ಕಲ್ಲು. ಅಗಲ ಟೈರು ಹಿಟ್ಟಿನ ಮೇಲೆ ತೇಲುತ್ತದೆ. ಕಿರಿದಾದದ್ದು ಅದನ್ನು ಸೀಳಿಕೊಂಡು ಗಟ್ಟಿ ನೆಲ ಹಿಡಿಯುತ್ತದೆ. ಗಾಲಿ ಸಣ್ಣದಿದ್ದರೆ ಟೈರಿನ ಮಗ್ಗುಲು ಎತ್ತರವಾಗಿ ಪೆಟ್ಟನ್ನು ತಾನೇ ನುಂಗುತ್ತದೆ. ಆದ್ದರಿಂದ ಟೈರು ಕೂರಿಸಲು ಹದಿಮೂರು ಇಂಚಿನ ಕಬ್ಬಿಣದ ಡಿಸ್ಕು, ಕಿರಿದಾದ ಟೈರು, ಗುಂಡಿಗಳಂತೆ ಎದ್ದ ಆಳವಾದ ಬಟನ್ ಅಚ್ಚು. ತೀರ್ಮಾನಕ್ಕೆ ಬರಲು ನಾಲ್ಕು ತಿಂಗಳು ಹಿಡಿಯಿತು.

ರಾಯಚೂರಿನಲ್ಲಿ ಒಬ್ಬ ಹಿರಿಯರ ಟೈರ್ ಅಂಗಡಿಯಿದೆ. ಅವರು ನನ್ನ ನೋಟ್‌ಬುಕ್ಕನ್ನು ಕನ್ನಡಕ ಏರಿಸಿ ಓದಿದರು, ನಗಲಿಲ್ಲ. ಹಳೆಯ ಕಾರುಗಳ ಆರು ಡಿಸ್ಕು ತಂದು ಒಂದೊಂದನ್ನೇ ಯಂತ್ರಕ್ಕೆ ಹಾಕಿ ತಿರುಗಿಸಿದರು. ಅವುಗಳಲ್ಲಿ ಎರಡು, ಕೂದಲೆಳೆಯಷ್ಟು ಅಲುಗಿದವು; ಪಕ್ಕಕ್ಕಿಟ್ಟರು. ಉಳಿದ ನಾಲ್ಕನ್ನು ಕೈಯಿಂದ ಸವರಿ, “ಇವು ನಿಮ್ಮ ಹೆಸರ್ಲೆ ಇರ್ತಾವ ಸರ. ಚಂದ ಕಾಣಂಗಿಲ್ಲ, ಆದ್ರ ಮೋಸ ಮಾಡಂಗಿಲ್ಲ,” ಅಂದರು. ಅವತ್ತು ಬಸ್ಸಿನಲ್ಲಿ ಮಾನ್ವಿಗೆ ಬರುವಾಗ ನಾನು ಬಹಳ ಸುಖವಾಗಿದ್ದೆ.

ಮುಂದಿನ ಭಾನುವಾರ ದೇವದುರ್ಗಕ್ಕೆ ಹೋದರೆ ಬೋಳು ಕಾರಿಗೆ ಆಗಲೇ ಗಾಲಿ ಬಂದಿದ್ದವು. ಹದಿನೈದು ಇಂಚಿನ ಮಿಶ್ರಲೋಹದ ಅಲಾಯ್, ಫಳಫಳ ಹೊಳೆಯುವ ಐದು ಕಡ್ಡಿಯವು, ಮೇಲೆ ರೊಟ್ಟಿಯಷ್ಟು ತೆಳು ಮಗ್ಗುಲಿನ ಅಗಲ ಟೈರು. ಮಾಮ ಹೈದರಾಬಾದಿನಿಂದ ಹಳೆಯ ಸೆಟ್ಟು ತಂದಿದ್ದ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟೈರು ಒಳಗೆ ಉಜ್ಜುತ್ತಿತ್ತು. ನಾನು ಕೂತು ಟೈರಿನ ಮೇಲಿನ ತಯಾರಿಕೆಯ ಅಂಕಿ ಓದಿದೆ: ಏಳು ವರ್ಷ ಹಳೆಯದು. ಅಚ್ಚು ಸವೆದಿರಲಿಲ್ಲ, ಆದರೆ ಉಗುರು ಒತ್ತಿದರೆ ಗುರುತು ಮೂಡಲಿಲ್ಲ. ರಬ್ಬರು ಸತ್ತು ಕಟ್ಟಿಗೆಯಾಗಿತ್ತು. ಒಂದು ಗಾಲಿಯ ಅಂಚಿನಲ್ಲಿ ಹಳೆಯ ಪೆಟ್ಟನ್ನು ತಿದ್ದಿ ಬಣ್ಣ ಬಳಿದಿದ್ದರು.

ಇದು ಕಟ್ಟಿಗೆಯಾಗಿದೆ, ರಾಯಚೂರಿನ ಅಂಗಡಿಯಲ್ಲಿ ಬೇರೆ ಗಾಲಿ ತೆಗೆದಿರಿಸಿದ್ದೇನೆ ಅಂತ ನಾನು ಹೇಳಿದೆ. ಅವನು ನಕ್ಕ. ಇಪ್ಪತ್ತು ವರ್ಷದಿಂದ ಊರಿಗೇ ಕಾರು ಕಲಿಸಿದವನಿಗೆ ಪುಸ್ತಕ ಓದಿದವನು ಪಾಠ ಹೇಳುತ್ತಾನೆ ಅಂತ ಅಲ್ಲಿದ್ದವರ ಕಡೆ ತಿರುಗಿ ಅಂದ. ಮರುದಿನ ಶಾಲೆಯ ವಿರಾಮದಲ್ಲಿ ಅಕ್ಕನ ಫೋನು ಬಂತು. ಅವನು ಫೋಟೊ ತೆಗೆದು ಎಲ್ಲರಿಗೂ ಕಳಿಸಿಬಿಟ್ಟಿದ್ದಾನೆ, ಈಗ ಗಾಲಿ ಬದಲಿಸಿದರೆ ಅವನಿಗೆ ನಾಚಿಕೆ, ಆ ಸಿಟ್ಟು ಮನೆಯಲ್ಲಿ ತನ್ನ ಮೇಲೆ ಬೀಳುತ್ತದೆ ಅಂದಳು. ನಾನು ಆಯ್ತು ಅಂದೆ. ಅಕ್ಕನಿಗಾಗಿ ಅಂತ ಆಗ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಕಾರು ಅವನದು, ಹಟ ಮಾಡಿದರೆ ನನ್ನ ಸರದಿ ತಪ್ಪೀತು ಅನ್ನುವ ಭಯವೂ ಇತ್ತು.

ಮಾನ್ವಿಯ ಆಚೆ ಒಬ್ಬ ಪರಿಚಿತರ ಬೀಳುಹೊಲದಲ್ಲಿ ಅಭ್ಯಾಸ ಇಟ್ಟುಕೊಂಡೆವು. ಸಿಮೆಂಟಿನ ಖಾಲಿ ಚೀಲಕ್ಕೆ ಮಣ್ಣು ತುಂಬಿ ತಿರುವಿನ ಗುರುತು ಮಾಡಿದ್ದೆವು. ಮೊದಲು ಮಾಮ ಎರಡು ಸುತ್ತು ನಿಧಾನಕ್ಕೆ ಓಡಿಸಿ ಇಳಿದ. ಆಮೇಲೆ ನಾನು. ಮೂರನೆಯ ತಿರುವು ಎಡಕ್ಕಿತ್ತು. ಬಲಗಡೆಯ ಮುಂದಿನ ಟೈರು ಹಿಟ್ಟುಮಣ್ಣಿನಲ್ಲಿ ಹಿಡಿತವೇ ಇಲ್ಲದೆ ಹೊರಕ್ಕೆ ಸರಿದು ಹಳೆಯ ಬದುವಿಗೆ ಬಡಿಯಿತು. ಟೈರು ಗಾಲಿಯಿಂದ ಕಳಚಿತು, ಗಾಲಿಯ ಅಂಚು ಮುರಿದು ಗುದ್ದಲಿಯ ಹಾಗೆ ನೆಲಕ್ಕೆ ನೆಟ್ಟಿತು, ಕಾರು ಬಲಕ್ಕೆ ಮಗುಚಿತು. ಪಂಜರ ನನ್ನ ತಲೆ ಉಳಿಸಿತು. ಬಲಗೈ ಹೊರಗೆ ಚಿಮ್ಮಿ ಮೊಣಕೈ ಪೈಪಿನ ಕೆಳಗೆ ಸಿಕ್ಕಿತು.

ರಾಯಚೂರಿನ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದೆ. ನೋಡಲು ಬಂದವರಿಗೆಲ್ಲ ಮಾಮ ಬಾಗಿಲಲ್ಲೇ ನಿಂತು ನಡೆದದ್ದನ್ನು ವಿವರಿಸುತ್ತಿದ್ದ. ತಿರುವಿನ ನಡುವೆ ಬ್ರೇಕ್ ತುಳಿದುಬಿಟ್ಟ, ಅಭ್ಯಾಸ ಸಾಲದು, ಮಾಸ್ತರ ಅಲ್ಲವೇ ಪಾಪ. ನಾನು ಬ್ರೇಕ್ ತುಳಿದಿರಲಿಲ್ಲ. ನಮ್ಮ ಹೆಡ್‌ಮಾಸ್ತರರೂ ಅದನ್ನು ಕೇಳಿಕೊಂಡು ಒಳಗೆ ಬಂದು, ಇನ್ನಾದರೂ ಇಂಥದ್ದು ಬಿಡಿ ಅಂದರು. ಅವರು ಹೋದ ಮೇಲೆ ಅಕ್ಕ ಮೋಸಂಬಿ ಸುಲಿಯುತ್ತ ಕೂತಿದ್ದಳು. ಗಾಲಿ ಮುರಿದದ್ದರಿಂದ ಹೀಗಾಯಿತು ಅಂತ ಅವಳಿಗೆ ಹೇಳಿದೆ.

“ನನಗ ಗೊತ್ತದ ತಮ್ಮಾ,” ಅಂದಳು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಎಲ್ಲಾರ ಮುಂದ ಅನಬ್ಯಾಡ.”

ಅನಲಿಲ್ಲ. ಅವನೇ ಒಂದು ದಿನ ಹೇಳುತ್ತಾನೆ ಅಂತ ಕಾದೆ.

ಕೈಗೆ ಎರಡು ರಾಡು ಹಾಕಿದ್ದಾರೆ. ಬೋರ್ಡಿನ ಮೇಲಿನ ಅರ್ಧಕ್ಕೆ ಈಗ ನನ್ನ ಕೈ ಎಟುಕುವುದಿಲ್ಲ. ಕೆಳಗಿನ ಅರ್ಧದಲ್ಲೇ ಸಣ್ಣಗೆ ಬರೆಯುತ್ತೇನೆ. ಹಿಂದಿನ ಬೆಂಚಿನ ಮಕ್ಕಳು ಎದ್ದು ನಿಂತು ನೋಡಿಕೊಳ್ಳುತ್ತಾರೆ.

ಐದು ತಿಂಗಳ ಮೇಲೆ ರಾಯಚೂರಿನ ಹೊರಗೆ, ಕಲ್ಮಲದ ಕಡೆಯ ಒಂದು ಬಯಲಿನಲ್ಲಿ ಹವ್ಯಾಸಿಗಳ ಓಟ ನಡೆಯಿತು. ಮಾಮ ನನಗೆ ಹೇಳಿರಲಿಲ್ಲ. ಯಾರದೋ ಫೋನಿನಲ್ಲಿ ಸುದ್ದಿ ನೋಡಿ ಬಸ್ಸು ಹತ್ತಿ ಹೋದೆ. ಬೋಳು ಕಾರು ದುರಸ್ತಿಯಾಗಿ ನಿಂತಿತ್ತು. ಅದಕ್ಕೆ ಹದಿಮೂರು ಇಂಚಿನ ಕಬ್ಬಿಣದ ಡಿಸ್ಕುಗಳಿದ್ದವು, ಕಿರಿದಾದ ಬಟನ್ ಟೈರುಗಳಿದ್ದವು. ಪ್ರತಿ ಗಾಲಿಯ ಮೇಲ್ಗಡೆ ಸೀಮೆಸುಣ್ಣದಲ್ಲಿ ಗಾಳಿಯ ಅಳತೆ ಬರೆದಿತ್ತು, ಮುಂದೆ ಇಪ್ಪತ್ತಾರು, ಹಿಂದೆ ಇಪ್ಪತ್ತೆರಡು. ಆ ಅಂಕಿಗಳು ನನ್ನವು. ನೋಟ್‌ಬುಕ್ಕನ್ನು ನಾನು ಕಾರಿನ ಡ್ಯಾಶ್‌ಬೋರ್ಡಿನಲ್ಲೇ ಬಿಟ್ಟಿದ್ದೆ.

ಟೈರ್ ಅಂಗಡಿಯ ಹಿರಿಯರೂ ಬಂದಿದ್ದರು. ನನ್ನ ಕೈ ನೋಡಿ ಗಾಬರಿಯಾದರು. ಅವರಿಗೆ ಏನೂ ಗೊತ್ತಿರಲಿಲ್ಲ. “ನೀವೇ ಕಳ್ಸೀರಿ ಅಂತ ಹೇಳಿ ನಿಮ್ಮ ಮಾಮಾರು ಗಾಲಿ ಒಯ್ದ್ರಲ್ರೀ ಸರ,” ಅಂದರು.

ಮಾಮ ಚೆನ್ನಾಗಿ ಓಡಿಸಿದ. ಅದನ್ನೂ ಹೇಳಬೇಕು. ಕಾರು ಒಂದು ತಿರುವಿನಲ್ಲೂ ಅಳುಕಲಿಲ್ಲ. ಗಾಲಿಗಳು ಹಿಟ್ಟುಮಣ್ಣು ಸೀಳಿಕೊಂಡು ನೆಲ ಹಿಡಿದವು, ನಾನು ಬರೆದಿದ್ದ ಹಾಗೆಯೇ. ಸಣ್ಣ ಕಾರುಗಳ ಗುಂಪಿನಲ್ಲಿ ಅವನೇ ಮೊದಲಿಗನಾದ. ಒಬ್ಬ ಯುವಕ ಫೋನು ಹಿಡಿದು ವಿಡಿಯೊ ಮಾಡುತ್ತ, ಟೈರು ಹೇಗೆ ಆರಿಸಿದಿರಿ ಅಂತ ಕೇಳಿದ. ಎರಡು ವರ್ಷ ತಾನೇ ಹೊಲದಲ್ಲಿ ಓಡಿಸಿ ಓಡಿಸಿ ಕಂಡುಕೊಂಡದ್ದು ಅಂತ ಮಾಮ ಹೇಳಿದ. ಎರೆಮಣ್ಣು, ಹಿಟ್ಟು, ಮಗ್ಗುಲು, ಎಲ್ಲ ನನ್ನ ಮಾತುಗಳೇ. ಅಷ್ಟರಲ್ಲಿ ಅವನ ಕಣ್ಣು ನನ್ನ ಮೇಲೆ ಬಿತ್ತು. ಅಳುಕಿದನೋ ಇಲ್ಲವೋ ಹೇಳಲಾರೆ. ಹೆಗಲ ಮೇಲೆ ಕೈಹಾಕಿ ಎಳೆದುಕೊಂಡು ಫೋನಿನ ಮುಂದೆ ನಿಲ್ಲಿಸಿದ.

“ಇವ ನನ್ನ ಹೆಂಡ್ತಿ ತಮ್ಮ, ಮಾಸ್ತರ. ಇವಗೂ ಸ್ವಲ್ಪ ಹುಚ್ಚದ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ವಿಡಿಯೊ ಈಗಲೂ ಸಿಗುತ್ತದೆ; ಹಲ್ಲು ಕಾಣುವಷ್ಟು ನಗುತ್ತಿದ್ದೇನೆ. ಮೊಣಕೈ ಮುರಿದದ್ದನ್ನು ಮರೆತೇನು, ಆ ನಗುವನ್ನು ಮರೆಯಲಾರೆ.

ಮುಂದಿನ ವಾರ ದೇವದುರ್ಗಕ್ಕೆ ಹೋಗಿ ನೋಟ್‌ಬುಕ್ಕು ಕೇಳಿದೆ. ಹಳೆಯ ಕಾಗದಗಳ ಜೊತೆ ಹೋಗಿರಬೇಕು ಅಂದ. ಊಟದ ತಟ್ಟೆ ಮುಂದಿತ್ತು. ಅಕ್ಕ ಒಳಗಿದ್ದಳು. ನಾನು ಅವನನ್ನು ಒಂದೇ ಒಂದು ಮಾತು ಕೇಳಿದೆ. “ಮಾಮಾ, ಗಾಲಿ ಮುರಿದಿತ್ತು ಅಂತ ಒಬ್ರ ಮುಂದರೆ ಹೇಳ್ರಿ.”

ಅವನು ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದ. “ಗಾಲಿ ನನ್ನದೇ ಖರೆ. ಸ್ಟೇರಿಂಗ್ ನಿನ್ನ ಕೈಯಾಗಿತ್ತು. ಕಟ್ಟಿಗಿ ಆಗ್ಯದ ಅಂತ ನೀನೇ ಅಂದಿದ್ದಿ. ಅಂದಮ್ಯಾಲೆ ಯಾಕ ಹತ್ತಿದಿ?”

ತಟ್ಟೆ ಬಿಟ್ಟು ಎದ್ದು ಬಂದೆ. ಆಮೇಲೆ ಆ ಮನೆಯ ಮೆಟ್ಟಿಲು ಹತ್ತಿಲ್ಲ. ಅಕ್ಕ ವರ್ಷಕ್ಕೆರಡು ಸಲ ತಾನೊಬ್ಬಳೇ ಮಾನ್ವಿಗೆ ಬರುತ್ತಾಳೆ. ಅವನ ಸುದ್ದಿ ಅವಳೂ ತೆಗೆಯುವುದಿಲ್ಲ, ನಾನೂ ಕೇಳುವುದಿಲ್ಲ.

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅವನ ಫೋನು ಬಂತು. ಹಿಂದೆ ಗದ್ದಲ, ಎಂಜಿನ್ನಿನ ಸದ್ದು. ಓಟಕ್ಕೆ ನಿಂತಿದ್ದಾನೆ, ಬೆಳಗಿನ ಮಳೆಗೆ ಮೈದಾನ ಕೆಸರಾಗಿದೆ. ಚೆನ್ನಾಗಿದ್ದೀಯಾ ಅಂತಲೂ ಕೇಳಲಿಲ್ಲ. ಹಸಿ ಮಣ್ಣಿಗೆ ಗಾಳಿ ಎಷ್ಟಿರಬೇಕು ಅಂದ.

ತಪ್ಪು ಹೇಳಬಹುದಿತ್ತು. ಎರಡು ಅಂಕಿ ಆಚೀಚೆ ಮಾಡಿದ್ದರೆ ಸಾಕಿತ್ತು, ಮೊದಲ ತಿರುವಿನಲ್ಲೇ ಜಾರಿ ಎಲ್ಲರ ಮುಂದೆ ಚೀಲಗಳ ಮೇಲೆ ಹೋಗುತ್ತಿದ್ದ. ನಾನು ಹಾಗೆ ಯೋಚಿಸಿದ್ದು ಸುಳ್ಳಲ್ಲ. ಕಾರಿಡಾರಿನಲ್ಲಿ ನಿಂತು, ಮುಂದಿನದಕ್ಕೆ ಎಷ್ಟು, ಹಿಂದಿನದಕ್ಕೆ ಎಷ್ಟು, ಅಚ್ಚಿನ ಸಂದಿಯ ಕೆಸರನ್ನು ಪ್ರತಿ ಓಟಕ್ಕೂ ಮುಂಚೆ ತೆಗೆಯಬೇಕು ಅಂತ ಸರಿಯಾಗಿಯೇ ಹೇಳಿದೆ. ಹೂಂ ಅಂದ. ಫೋನು ಇಟ್ಟ. ನಾನು ಹತ್ತನೇ ತರಗತಿಗೆ ಹೋಗಿ ಹಾಜರಿ ಕರೆದೆ.