ಅಳಿಯನ ಹಾಸಿಗೆ

ಆಗೆಲ್ಲ ಹೊನ್ನಾವರದ ನಮ್ಮಂಥ ಮನೆಗಳಲ್ಲಿ ಮಲಗುವುದೆಂದರೆ ಚಾಪೆ. ಹತ್ತಿಯ ಹಾಸಿಗೆ ಏನಿದ್ದರೂ ಬಾಣಂತಿಗೆ, ಇಲ್ಲವೇ ಮನೆಗೆ ಬರುವ ಅಳಿಯನಿಗೆ. ನಮ್ಮಲ್ಲಿ ಅದೂ ಇರಲಿಲ್ಲ. ಅಪ್ಪ ಶರಾವತಿ ದಾಟಿಸುವ ಲಾಂಚಿನಲ್ಲಿ ಟಿಕೀಟು ಹರಿಯುತ್ತಿದ್ದರು.

ನಾನು ಏಳನೆಯ ಇಯತ್ತೆ. ಶಾಲೆಗೆ ಧಾರವಾಡದ ಕಡೆಯಿಂದ ಹೊಸ ಅಕ್ಕೋರು ಬಂದಿದ್ದರು. ಕಲಿಸುವ ಹೆಂಗಸರನ್ನು ನಾವು ಕರೆಯುತ್ತಿದ್ದುದೇ ಹಾಗೆ. ದೀಪಾವಳಿ ಕಳೆದ ಮೇಲೆ ಹುಡುಗಿಯರನ್ನೆಲ್ಲ ಕರಿಕಾನಮ್ಮನ ಗುಡ್ಡ ಹತ್ತಿಸಿ, ಒಂದು ರಾತ್ರಿ ದೇವಸ್ಥಾನದ ಜಗಲಿಯಲ್ಲಿ ಮಲಗಿಸಿ ಕರೆತರುತ್ತೇನೆ ಎಂದರು. "ಬುತ್ತಿ ಕಟ್ಕೊಂಡ್ ಬರ್ರಿ. ಒಂದ್ ತಂಬಿಗಿ, ಒಂದ್ ಹಾಸಿಗಿ. ಅಷ್ಟ ಸಾಕು."

"ಚಾಪೆ ತಗಂಡು ಹೋಗ್ತೆ ಆಯಿ," ಎಂದೆ ಮನೆಗೆ ಬಂದು ಅಮ್ಮನಿಗೆ.

"ಅಕ್ಕೋರು ಚಾಪೆ ಹೇಳಿದ್ರಾ, ಹಾಸಿಗೆ ಹೇಳಿದ್ರಾ?"

"ಹಾಸಿಗೆ."

"ಮತ್ತೆ? ಇವ್ರ ಮನೇಲಿ ಒಂದು ಹಾಸಿಗೆ ಸೈತ ಇಲ್ಲ ಅಂತ ಆಗೂದು ಬ್ಯಾಡ."

ಆಯಿ ಬೇಲಿಯ ಕಂಡಿ ದಾಟಿ ಪಕ್ಕದ ಮನೆಯ ರಾಧಕ್ಕನ ಹತ್ತಿರ ಹೋದಳು. ಅವರದು ಕೊಂಕಣಿ ಮಾತಾಡುವ ಮನೆ. ನಮ್ಮ ಎರಡೂ ಮನೆಗಳ ಕೊಡುಕೊಳ್ಳುವುದೆಲ್ಲ ಆ ಕಂಡಿಯಲ್ಲೇ. ಮೊಸರಿನ ಹೆಪ್ಪಿಗೆಂದು ಲೋಟ ಹಿಡಿದು ನಾನೇ ಎಷ್ಟು ಸಲ ನುಸುಳಿದ್ದೇನೋ. ಮುಂಬಯಿಯ ಅಳಿಯನಿಗೆಂದು ಹೊಲಿಸಿಟ್ಟ ಹೊಸ ಹಾಸಿಗೆಯನ್ನು ರಾಧಕ್ಕ ಕೇಳಿದ ಕೂಡಲೇ ಕೊಟ್ಟರು. "ದಿವಾಳಿಗಂತೂ ಬರ್ಲಿಲ್ಲ ಅವ. ತಗಂಡು ಹೋಗು ಮಾರಾಯ್ತಿ. ಕೊಳೆ ಮಾತ್ರ ಮಾಡ್ಬೇಡಿ."

ಆಯಿ ಬಾಡಿಸಿದ ಬಾಳೆಲೆಯಲ್ಲಿ ಅನ್ನ, ಮಿಡಿ ಉಪ್ಪಿನಕಾಯಿ ಕಟ್ಟಿದಳು. ನನ್ನ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿದಳು. ಹಾಸಿಗೆಯನ್ನು ಸುತ್ತಿ ಕತ್ತದ ಹಗ್ಗ ಬಿಗಿದು ಆ ತಲೆಯ ಮೇಲೆ ಹೊರಿಸಿದಳು, ಕೆಳಗೊಂದು ಟವೆಲು ಇಟ್ಟು.

ಶಾಲೆಯ ಮುಂದೆ ನೋಡಿದರೆ ಎಲ್ಲರ ಕಂಕುಳಲ್ಲೂ ಚಾಪೆ! ಅಕ್ಕೋರು ನನ್ನನ್ನು ಕಂಡು ಸೊಂಟಕ್ಕೆ ಕೈಯಿಟ್ಟು ನಿಂತುಬಿಟ್ಟರು. "ಅಯ್ಯ ನಮ್ಮವ್ವ! ಹಾಸಿಗಿ ತಾ ಅಂದ್ರ ಗಾದೀನ ಹೊತ್ಕೊಂಡ್ ಬಂದಿಯಲ್ಲ!" ಅವರ ಊರಲ್ಲಿ ಹಾಸಿಕೊಳ್ಳುವುದೆಲ್ಲ ಹಾಸಿಗೆ, ಹತ್ತಿಯದಾದರೆ ಗಾದಿ ಎಂದು ನಮಗೇನು ಗೊತ್ತು?

"ಅಳಿಯ ಬಂದಾ, ಕಾಲಿಗೆ ನೀರು ಕೊಡ್ರೇ," ಎಂದಳು ನನ್ನ ಬೆಂಚಿನ ಸುಶೀಲಾ. ಅಲ್ಲಿಂದ ಗುಡ್ಡದ ತುದಿಯವರೆಗೆ ನನಗೆ ಅದೇ ಹೆಸರು. ಏರಿನಲ್ಲಿ ಕುತ್ತಿಗೆ ಸೋತು ನಿಂತಾಗಲೆಲ್ಲ ಹಿಂದಿನವರು ಕಿಸಕ್ಕೆಂದರು. ಗುಡ್ಡದ ಮೇಲಿಂದ ಸಮುದ್ರ ಕಾಣುತ್ತದೆಂದು ಎಲ್ಲರೂ ಕೂಗುತ್ತ ಓಡಿದರು. ನಾನು ನೋಡಲಿಲ್ಲ.

ರಾತ್ರಿ ಹಾಸಿಗೆಯನ್ನು ಬಿಚ್ಚದೆ ಗೋಡೆಗೆ ಒರಗಿಸಿ, ಬರಿಗಲ್ಲಿನ ಮೇಲೆ ಮುದುಡಿಕೊಂಡೆ. ಕಲ್ಲು ಕೊರೆಯುತ್ತಿತ್ತು. ಚಾಪೆಯವರಿಗೂ ಚಳಿ ಹತ್ತಿರಬೇಕು, ಸುಶೀಲಾ ಹೊರಳಿ ಹೊರಳಿ ಬಂದು ಮೆಲ್ಲಗೆ ಕೇಳಿದಳು. "ಅಳಿಯಾ, ತಲೆ ಇಡೂಕೆ ಚೂರು ಜಾಗ ಕೊಡೇ."

ಕೊಡಬಾರದೆಂದು ಗೊತ್ತಿತ್ತು. ಆದರೆ ಇಡೀ ದಿನದಲ್ಲಿ ನನ್ನನ್ನು ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು. ಹಗ್ಗ ನಾನೇ ಬಿಚ್ಚಿದೆ. ಒಬ್ಬೊಬ್ಬರಾಗಿ ಬಂದು ಸುತ್ತಲೂ ತಲೆಯಿಟ್ಟರು. ನನ್ನನ್ನು ನಡುವೆ ಮಲಗಿಸಿಕೊಂಡು ಪಿಸುಗುಟ್ಟಿ ನಕ್ಕರು. ನಾನೂ ನಕ್ಕೆ.

ಬೆಳಗಾಗಿ ನೋಡಿದರೆ ಬಿಳಿಯ ಬಟ್ಟೆಯ ಅಂಚಿಗೆಲ್ಲ ಕೊಬ್ಬರಿ ಎಣ್ಣೆಯ ಕಲೆ. ಹೊರಡುವ ಮೊದಲು ಮಗಳ ತಲೆಗೆ ಎಣ್ಣೆ ಸುರಿದವಳು ನಮ್ಮ ಆಯಿ ಒಬ್ಬಳೇ ಅಲ್ಲವಲ್ಲ!

ಆಯಿ ಬೈಯಲಿಲ್ಲ. ಕಡಲೆಹಿಟ್ಟು ಉದುರಿಸಿದಳು, ಸೀಗೆಪುಡಿಯಲ್ಲಿ ತಿಕ್ಕಿದಳು, ಬಿಸಿಲಿಗೆ ಹಾಕಿದಳು. ಕಲೆ ಹಳದಿಯಾಯಿತೇ ಹೊರತು ಹೋಗಲಿಲ್ಲ. ಕೊನೆಗೆ ಹಾಸಿಗೆಯನ್ನು ತಾನೇ ತಲೆಯ ಮೇಲೆ ಹೊತ್ತು ಕಂಡಿ ದಾಟಿದಳು. ನಾನು ಅವಳ ಸೆರಗು ಹಿಡಿದು ಹೋದೆ.

ರಾಧಕ್ಕ ಬಗ್ಗಿ ಒಮ್ಮೆ ಕೈಯಾಡಿಸಿದರು. "ಇರ್ಲಿ ಬಿಡು. ಇದು ನಿಮ್ಮಲ್ಲೇ ಇರ್ಲಿ, ಮಕ್ಕಳು ಮಲಗ್ಲಿ." ಸಿಟ್ಟಿನಿಂದ ಅಂದದ್ದಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ಆಯಿ ಮತ್ತೆ ಹೊತ್ತುಕೊಂಡು ಬಂದು ಅಟ್ಟಕ್ಕೆ ಹಾಕಿದಳು. ಯಾರನ್ನೂ ಅದರ ಮೇಲೆ ಮಲಗಗೊಡಲಿಲ್ಲ.

ಮುಂದಿನ ಸಲ ಹೆಪ್ಪು ಮುಗಿದಾಗ ಅವಳು ಹಾಲಿಗೆ ಹಸಿಮೆಣಸಿನ ತೊಟ್ಟು ಹಾಕಿಟ್ಟಳು.

"ಎಂತ ಇದು, ಮೊಸರು ಲೋಳೆಲೋಳೆ?" ಎಂದರು ಅಪ್ಪ. "ರಾಧಕ್ಕನ ಹತ್ರ ಹೆಪ್ಪು ಇರ್ಲಿಲ್ವಾ?"

"ಕೇಳ್ಲಿಲ್ಲ," ಎಂದಳು ಆಯಿ. ನಾನು ತಲೆ ಎತ್ತದೆ ಉಂಡೆ. ಆಮೇಲೆ ರಾಧಕ್ಕನೇ ಕಂಡಿಯಲ್ಲಿ ನಿಂತು ಕರೆದರೂ ಆಯಿ "ನಮ್ಮಲ್ಲಿ ಇದೆ" ಎನ್ನುತ್ತಿದ್ದಳು. ಓಡಾಟವಿಲ್ಲದೆ ಎರಡು ಮಳೆಗಾಲದಲ್ಲಿ ಕಂಡಿ ತಾನಾಗಿ ಮುಚ್ಚಿಹೋಯಿತು.

ಈಗ ನಮ್ಮ ಮನೆಯಲ್ಲಿ ಕೋಣೆಗೊಂದು ಹಾಸಿಗೆ. ಲೋಟ ಹಿಡಿದು ಹೆಪ್ಪು ಕೇಳಲು ಹೋಗುವಂಥ ಮನೆ ಸುತ್ತಮುತ್ತ ಒಂದೂ ಇಲ್ಲ. ಮೊನ್ನೆ ಮೊಮ್ಮಗಳು ಬೆಟ್ಟ ಹತ್ತಲು ಹೊರಟಿದ್ದಳು. ಒಳಗೆ ಹೊಕ್ಕು ಮಲಗುವ ಚೀಲವನ್ನು ಮಡಚಿ ಮಡಚಿ ಒಂದು ತೆಂಗಿನಕಾಯಿಯಷ್ಟು ಮಾಡಿ ತೋರಿಸಿದಳು.

"ಅಜ್ಜೀ, ಗುಡ್ಡಕ್ಕೆ ಹೋಗುವಾಗ ನೀನು ಎಂತ ಒಯ್ದಿದ್ದೆ?"

"ಚಾಪೆ," ಎಂದೆ.