ತುಗಿಮಿನ್ ಮಾಸ್ತರರ ಎರಡು ಸಹಿ

ಕೆಬುಮೆನ್ ರಸ್ತೆಯ ನಮ್ಮ ಊರಿನ ಶಾಲೆಯಲ್ಲಿ ತುಗಿಮಿನ್ ಮಾಸ್ತರರು ಜಾವಾ ಭಾಷೆ ಕಲಿಸುತ್ತಿದ್ದರು. ಅದನ್ನು ಯಾರೂ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ, ಅವರೂ ಸೇರಿ. ಅವರು ನಿಜವಾಗಿ ಬದುಕುತ್ತಿದ್ದುದು ಶುಕ್ರವಾರ ಮಧ್ಯಾಹ್ನ, ಕಂದು ಸಮವಸ್ತ್ರ ತೊಟ್ಟು ಪ್ರಾಮುಕಾ ಎಂಬ ಸ್ಕೌಟ್ ದಳದ ಮುಂದೆ ನಾಯಕರಾಗಿ ನಿಂತಾಗ. ಆಗ ಎದೆ ಎರಡಂಗುಲ ಮುಂದೆ ಬರುತ್ತಿತ್ತು. ಹೊಟ್ಟೆ ಮೊದಲೇ ಬಂದಿತ್ತು.

ದಳದ ಮಕ್ಕಳು ಹತ್ತಬೇಕಾದ ಮೆಟ್ಟಿಲು ಮೂರು: ರಾಮು, ರಾಕಿತ್, ತೆರಾಪ್. ಒಂದೊಂದಕ್ಕೂ ಮೂವತ್ತು ಪರೀಕ್ಷೆಗಳ ಒಂದು ಸಣ್ಣ ಪುಸ್ತಕ. ಹಗ್ಗದ ಗಂಟು ಹಾಕಿದರೆ ಒಂದು ಸಹಿ, ಗಾಯಕ್ಕೆ ಪಟ್ಟಿ ಕಟ್ಟಿದರೆ ಇನ್ನೊಂದು. ಹದಿನಾರು ವರ್ಷ ತುಂಬುವುದರೊಳಗೆ ಮೂರೂ ಮುಗಿದರೆ ಗರುಡ ಪದಕಕ್ಕೆ ಹೆಸರು ಹೋಗುತ್ತದೆ; ತುಂಬಿಬಿಟ್ಟರೆ ಪುಸ್ತಕ ಎಲ್ಲಿತ್ತೋ ಅಲ್ಲೇ ನಿಲ್ಲುತ್ತದೆ. ಮಾಸ್ತರರ ಮಗಳು ಪಾಲುಪಿಗೆ ತೆರಾಪ್‌ನಲ್ಲಿ ಇಪ್ಪತ್ತೊಂಬತ್ತು ಸಹಿ ಬಿದ್ದಿತ್ತು. ಗರುಡ ಸಿಕ್ಕರೆ ಪಟ್ಟಣದ ದೊಡ್ಡ ಶಾಲೆಯಲ್ಲಿ ಸಾಧಕರ ಸೀಟು. ಇಲ್ಲದಿದ್ದರೆ ಚಿಲಾಚಾಪ್‌ನ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಹೊಲಿಗೆ ಕಲಿಯುವುದು.

ಉಳಿದದ್ದು ಒಂದೇ ಪರೀಕ್ಷೆ: ಮನೆಗೆಲಸದಲ್ಲಿ ನೆರವಾಗುವುದು. ಅದಕ್ಕೆ ಮೊದಲು ಪಾಲಕರ ಸಹಿ, ಆಮೇಲೆ ನಾಯಕರದು. ಮಾಸ್ತರರು ಲುಂಗಿ ಉಟ್ಟು ಜಗುಲಿಯಲ್ಲಿ ಕೂತು ಪಾಲಕರ ಸಹಿ ಹಾಕಿದರು. ಶುಕ್ರವಾರ ಸಮವಸ್ತ್ರದಲ್ಲಿ ಅದೇ ಸಹಿಯನ್ನು ಬೆಳಕಿಗೆ ಹಿಡಿದು ನೋಡಿದರು.

“ಅಪ್ಪಂದಿರ ಸಹಿ ನಾನು ನಂಬಲ್ಲಮ್ಮ. ಮಗಳು ಅಂದ್ರೆ ಏನು ಬೇಕಾದ್ರೂ ಬರೆದುಕೊಡ್ತಾರೆ. ಬೀದಿ ಮುಖಂಡರ ಹತ್ರ ಪತ್ರ ತಗೊಂಡು ಬಾ.”

“ಸರಿ ಅಣ್ಣ” ಎಂದಳು ಪಾಲುಪಿ. ದಳದಲ್ಲಿ ನಾಯಕರನ್ನು ಅಣ್ಣ ಎನ್ನುವುದು ವಾಡಿಕೆ. ಅಲ್ಲಿ ಅಪ್ಪನೂ ಅಣ್ಣನೇ.

ಪತ್ರ ಬಂತು. ಆದರೆ ಮುಖಂಡ ತಮ್ಮ ಹೆಂಡತಿ ಸರ್ತಿನಿಯ ದೊಡ್ಡಪ್ಪನ ಮಗ ಎಂಬುದು ಮಾಸ್ತರರಿಗೆ ನೆನಪಾಯಿತು. ಪತ್ರ ವಾಪಸ್. ಪಕ್ಕದ ಬೀದಿಯ ಮುಖಂಡ ಬರೆದುಕೊಟ್ಟ ಪತ್ರದಲ್ಲಿ ತಾರೀಕಿರಲಿಲ್ಲ. ಅದೂ ವಾಪಸ್. ಹೀಗೆ ಮಗಳು ಕರಿದ ತೆಂಪೆ ತಿಂದು, ಮಗಳು ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು, ಪುರಾವೆ ಸಾಲದು ಎನ್ನುತ್ತ ಅವರು ಐದು ವಾರ ಕಳೆದರು. ಎಂಥ ನೇರ ಮನುಷ್ಯ ಎಂದು ಊರೆಲ್ಲ ಮಾತಾಡಿಕೊಂಡಿತು. ಅದು ಅವರ ಕಿವಿಗೂ ಬಿತ್ತು.

ಗುರುವಾರ ಸಂಜೆ ಸರ್ತಿನಿ ತಡೆಯಲಾರದೆ ಕೇಳಿದಳು. “ನಾಳೆ ಅವಳಿಗೆ ಹದಿನಾರು. ಇವತ್ತೇ ಹಾಕಿಬಿಡ್ರಿ. ಪಾತ್ರೆ ತಿಕ್ಕೋದು ನಿಮ್ಮ ಕಣ್ಣಿಗೆ ಬಿದ್ದಿಲ್ವಾ?”

“ಬಿದ್ದಿದೆ. ಆದ್ರೆ ನೋಡಿದ್ದು ಅಪ್ಪ, ನಾಯಕ ಅಲ್ಲ. ಒಂದು ದಿನದಲ್ಲಿ ಏನಾಗುತ್ತೆ, ನಾಳೆ ದಳದ ಮುಂದೆ ಹಾಕ್ತೀನಿ.”

“ಹಂಗಾದ್ರೆ ನಾಯಕಂಗೆ ಇವತ್ತು ಈ ಮನೇಲಿ ಅನ್ನ ಇಲ್ಲ.”

ಹಾಕಬೇಕೆಂದೇ ಇದ್ದರು, ಪಾಪ. ನೂರಿಪ್ಪತ್ತು ಮಕ್ಕಳ ಎದುರು ಹಾಕಬೇಕೆಂದಿದ್ದರು, ಅಷ್ಟೆ. ಶುಕ್ರವಾರ ಪುಸ್ತಕ ಬಿಚ್ಚಿ ಪೆನ್ನಿನ ಮುಚ್ಚಳ ತೆಗೆದಾಗ ಸಹನಾಯಕಿ ಮೆಲ್ಲಗೆ ಹತ್ತಿರ ಬಂದು, ಇವತ್ತಿಗೆ ಹುಡುಗಿಗೆ ಹದಿನಾರು ತುಂಬಿತಲ್ಲ, ನಿಯಮ ಏನಣ್ಣ ಎಂದಳು. ಮೆಲ್ಲಗೇ ಹೇಳಿದ್ದು, ಆದರೂ ಮುಂದಿನ ಎರಡು ಸಾಲಿಗೆ ಕೇಳಿಸಿತು. ನಿನ್ನೆಯ ತಾರೀಕು ಹಾಕಿದ್ದರೆ ಯಾರೂ ಕೇಳುತ್ತಿರಲಿಲ್ಲ. ಮಾಸ್ತರರು ಪೆನ್ನು ಮುಚ್ಚಿದರು. ತಮ್ಮ ಮಗಳಾದರೂ ನಿಯಮ ನಿಯಮವೇ ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು, ಬೇಲಿಯಾಚೆ ನಿಂತಿದ್ದ ನಾವೂ ತಟ್ಟಿದೆವು. ಆ ಕೆಲಸದಲ್ಲಿ ನಮ್ಮ ಊರು ಯಾವತ್ತೂ ಹಿಂದೆ ಬಿದ್ದದ್ದಿಲ್ಲ. ಮಾಸ್ತರರ ಕಣ್ಣು ತೇವವಾಯಿತು. ತೇವವಾದದ್ದು ಎಲ್ಲರಿಗೂ ಕಂಡಿತೆಂದು ಅವರಿಗೆ ಸಮಾಧಾನವೂ ಆಯಿತು.

ದಳ ಚದುರಿದ ಮೇಲೆ ಹೆಡ್‌ಮಾಸ್ತರ್ ಹರ್ಜಿತೋ ಹೇಳಿಕಳಿಸಿದರು. ಮೇಜಿನ ಮೇಲೆ ಸಿಹಿ ಟೀ, ಪಕ್ಕದಲ್ಲಿ ಹೆಡ್‌ಮಾಸ್ತರರ ಸ್ವಂತ ಅಣ್ಣನ ಮಗ ಗಿಲಾಂಗ್‌ನ ತೆರಾಪ್ ಪುಸ್ತಕ. ಅದರಲ್ಲಿ ಹನ್ನೊಂದು ಖಾಲಿ.

“ಹುಡುಗನಿಗೆ ಬರೋ ಬುಧವಾರ ಹದಿನಾರು, ಮಾಸ್ತರೇ. ನಿಮ್ಮಂಥ ನೇರ ಮನುಷ್ಯರು ಸಹಿ ಹಾಕಿದ್ರೆ ಜಿಲ್ಲೆಯಲ್ಲಿ ಯಾರೂ ತಿರುಗಿ ಕೇಳಲ್ಲ.”

ಪಾಲಕರ ಜಾಗದಲ್ಲಿ ಹೆಡ್‌ಮಾಸ್ತರೇ ಸಹಿ ಹಾಕಿದರು. ಮಾಸ್ತರರು ಒಂದು ಗುಟುಕು ಟೀ ಕುಡಿದು ನಾಯಕರ ಜಾಗದಲ್ಲಿ ಹನ್ನೊಂದು ಸಲ ಹಾಕಿದರು. ಏಳನೆಯದರ ಹೊತ್ತಿಗೆ ಕೈ ಸೋತು, ಅಕ್ಷರ ಸೊಟ್ಟಗಾಯಿತು.

ಇನ್ನು ಮುದ್ರೆ ಬೀಳಬೇಕು. ದಳದ ಮುದ್ರೆ ಇರುವುದು ಹಿರಿಯ ವಿದ್ಯಾರ್ಥಿ ಮುಖಂಡರ ಬಳಿ. ಈ ವರ್ಷ ಅದು ಪಾಲುಪಿ. ಕರೆದರು. ಅವಳು ಬಂದು ನಿಂತು ಪುಟ ತಿರುವಿದಳು, ಸಹಿಗಳನ್ನು ಒಂದೊಂದಾಗಿ ನೋಡಿದಳು. ಮಾಸ್ತರರು ಲೋಟದೊಳಗೆ ಏನೋ ಬಿದ್ದಿದೆಯೆಂಬಂತೆ ಬಗ್ಗಿ ಕೂತರು. ಅವಳು ಹನ್ನೊಂದು ಮುದ್ರೆಗಳನ್ನೂ ನೆಟ್ಟಗೆ, ಒಂದೂ ಮಾಸದಂತೆ ಒತ್ತಿ, ಪುಸ್ತಕವನ್ನು ತಂದೆಯ ಮುಂದೆ ಸರಿಸಿದಳು.

“ಶಾಯಿ ಹಸಿ ಇದೆ ಅಣ್ಣ. ಈಗಲೇ ಮುಚ್ಚಬೇಡಿ.”