ಸುಜಾತಾಳ ಎಂಟು ಸಂಜೆಗಳು

2024ರ ಅಕ್ಟೋಬರ್‌ನಲ್ಲಿ ನಾನು ಲಿಂಗಸುಗೂರಿನ ಒಂದು ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಈಗಲೂ ಅಲ್ಲೇ ಇದ್ದೇನೆ. ಆಗ ಸೇವೆಗೆ ಸೇರಿ ಇಪ್ಪತ್ತೆರಡು ವರ್ಷವಾಗಿತ್ತು. ದಿನಚರಿ ಬರೆಯುವ ಚಟ ಅದಕ್ಕಿಂತ ಹಳೆಯದು. ನಲ್ಲಿಗೆ ನೀರು ಎಷ್ಟು ಗಂಟೆಗೆ ಬಂತು, ಕರೆಂಟ್ ಯಾವಾಗ ಹೋಯಿತು, ರೊಟ್ಟಿಗೆ ಏನು ಪಲ್ಯ ಮಾಡಿದೆ, ಎಲ್ಲವೂ ಅದರಲ್ಲಿರುತ್ತದೆ. ಮನೆಯವರು ನಗುತ್ತಾರೆ. ಕೊನೆಗೆ ನನ್ನ ಕಳ್ಳತನ ಹಿಡಿದುಕೊಟ್ಟದ್ದೂ ಆ ದಿನಚರಿಯೇ. ಈ ಸಂಗತಿಯ ಸಿಟ್ಟು ಇನ್ನೂ ಇಳಿದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಆ ತಿಂಗಳು ಸೂರ್ಯ ಮುಳುಗಿದ ಮೇಲೆ ಪಶ್ಚಿಮದಲ್ಲಿ ಒಂದು ಧೂಮಕೇತು ಬರಿಗಣ್ಣಿಗೆ ಕಾಣಿಸತೊಡಗಿತು. ಅದರ ಕಕ್ಷೆ ಎಷ್ಟು ಉದ್ದವೆಂದರೆ ನಮ್ಮ ಕಾಲದಲ್ಲಂತೂ ಮತ್ತೆ ಬರುವುದಿಲ್ಲ. ಇವತ್ತು ತಪ್ಪಿದ ಅಳತೆಯನ್ನು ನಾಳೆ ತೆಗೆಯಲಾಗದು. ಮಸ್ಕಿಯ ಕಾಲೇಜಿನಲ್ಲಿದ್ದ ಹಿರಿಯ ಉಪನ್ಯಾಸಕ ಬಸಣ್ಣ ಸರ್ ಒಂದು ಯೋಜನೆ ಹಾಕಿದರು. ಮಸ್ಕಿಯಿಂದ ಅವರು, ಲಿಂಗಸುಗೂರಿನಿಂದ ನಾನು, ಸಿಂಧನೂರಿನಿಂದ ಇನ್ನೊಬ್ಬರು ಹತ್ತು ಸಂಜೆ ಅದರ ಜಾಗವನ್ನು ನಕ್ಷತ್ರ ನಕ್ಷೆಯಲ್ಲಿ ಗುರುತಿಸಬೇಕು, ಹೊಳಪನ್ನು ಅಂದಾಜಿಸಬೇಕು. ಸಿಂಧನೂರಿನಿಂದ ಯಾವ ಉಪನ್ಯಾಸಕರೂ ಬರಲಿಲ್ಲ. ಅಲ್ಲಿನ ಕಾಲೇಜಿನ ಲ್ಯಾಬ್ ಅಟೆಂಡರ್ ಸುಜಾತಾ ಬಂದಳು. ಪ್ರಾಯೋಗಿಕ ಪರೀಕ್ಷೆಗೆ ಹೋದಾಗಲೆಲ್ಲ ನಾನು ಆಕೆಯನ್ನು ನೋಡಿದ್ದೆ. ಕೂದಲೆಳೆಯಷ್ಟು ಅಂತರ ಅಳೆಯುವ ವರ್ನಿಯರ್ ಸ್ಕೇಲಿನ ಗೀಟು ಓದುವುದರಲ್ಲಿ ಆಕೆಯ ಕಣ್ಣಿಗೆ ನಮ್ಮ ಯಾರ ಕಣ್ಣೂ ಸಮನಲ್ಲ.

ಹೊಳಪಿನ ಲೆಕ್ಕಕ್ಕೆ ಮ್ಯಾಗ್ನಿಟ್ಯೂಡ್ ಎನ್ನುತ್ತೇವೆ. ಅಂಕಿ ಚಿಕ್ಕದಾದಷ್ಟೂ ಹೊಳಪು ಹೆಚ್ಚು. ಧೂಮಕೇತು ಹಿಂಜಿದ ಅರಳೆಯ ಹಾಗೆ ಹರಡಿರುತ್ತದೆ, ನಕ್ಷತ್ರ ಚುಕ್ಕೆಯಾಗಿರುತ್ತದೆ. ನೇರವಾಗಿ ಹೋಲಿಸಲು ಆಗದು. ಆದ್ದರಿಂದ ಬೈನಾಕ್ಯುಲರ್‌ನ ಫೋಕಸ್ ಕೆಡಿಸಿ, ಹೊಳಪು ಗೊತ್ತಿರುವ ನಕ್ಷತ್ರವನ್ನು ಧೂಮಕೇತುವಿನಷ್ಟೇ ಅಗಲಕ್ಕೆ ಹಿಗ್ಗಿಸಿ, ಆಮೇಲೆ ಹೋಲಿಸಬೇಕು. ಸುಜಾತಾಳಿಗೆ ಇದನ್ನು ಕಲಿಸಿದವಳು ನಾನು. “ನೋಡಿದ ತಕ್ಷಣ ಮೊದಲು ಬರಿ. ಆಮೇಲೆ ಯಾರ ಜೋಡಿ ಬೇಕಾದರೂ ಮಾತಾಡು,” ಎಂದು ಹೇಳಿದವಳೂ ನಾನೇ.

ದಿನಾ ಏಳೂವರೆಗೆ ಬಸಣ್ಣ ಸರ್ ಫೋನ್ ಮಾಡಿ ಅಂಕಿ ಕೇಳುತ್ತಿದ್ದರು. ಸರ್ ಅವರ ಮತ್ತು ನನ್ನ ಅಂಕಿಗಳು ಅಕ್ಕತಂಗಿಯರ ಹಾಗೆ ಜೊತೆಜೊತೆಗೇ ಇರುತ್ತಿದ್ದವು. ಸುಜಾತಾಳದು ಮಾತ್ರ ಬೇರೆ. ಐದನೆಯ ಸಂಜೆ ನಾನು 1.2, ಸರ್ 1.3, ಸುಜಾತಾ 2.0. ಅಂದರೆ ಆಕೆಗೆ ಧೂಮಕೇತು ನಮಗಿಂತ ಬಹಳ ಮಂಕಾಗಿ ಕಂಡಿತ್ತು.

“ಆಕಿಗಿ ಕಣ್ಣ ದವಾಖಾನಿಗೆ ಹೋಗಂತ ಹೇಳ್ರಿ ಮೇಡಂ,” ಎಂದು ಸರ್ ನಕ್ಕರು. ನಾನೂ ನಕ್ಕೆ. ಆ ನಗು ದಿನಚರಿಯಲ್ಲಿಲ್ಲ, ಆದರೆ ನನಗೆ ನೆನಪಿದೆ.

ಹತ್ತು ಸಂಜೆ ಮುಗಿದ ಮೇಲೆ ನಮ್ಮ ಕಾಲೇಜಿನಲ್ಲಿ ಕೂಡಿದೆವು. ಸರ್ ವರದಿಯನ್ನು ಅಚ್ಚುಕಟ್ಟಾಗಿ ಟೈಪ್ ಮಾಡಿಸಿ ತಂದಿದ್ದರು. ಸುಜಾತಾ ಸಿಂಧನೂರಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದಳು. ಅವತ್ತು ನಮ್ಮ ಅಟೆಂಡರ್ ರಜೆ. ಆಕೆ ಬಾಗಿಲಿಗೆ ಬರುತ್ತಿದ್ದಂತೆಯೇ ಸರ್, “ಬಂದೇನವ್ವ? ಹಂಗ ಮೂರು ಚಾ ಹೇಳಿ ಬಾ,” ಎಂದರು. ಕೋಣೆಯಲ್ಲಿದ್ದವರು ಅವರು, ನಾನು, ನಮ್ಮ ಪ್ರಾಂಶುಪಾಲರು. ಕುರ್ಚಿಗಳೂ ಮೂರೇ ಇದ್ದವು. ಮೂರು ಊರಿನ ವೀಕ್ಷಕರ ಸಭೆಗೆ ಒಬ್ಬ ವೀಕ್ಷಕಿ ಚಹಾದ ತಟ್ಟೆ ಹಿಡಿದು ಬಂದಳು. ನಾನು ಎದ್ದು ನಾಲ್ಕನೆಯ ಕುರ್ಚಿ ತರಲಿಲ್ಲ.

ತಟ್ಟೆ ಇಟ್ಟವಳು ಮೇಜಿನ ಮೇಲಿದ್ದ ವರದಿಯತ್ತ ಬಗ್ಗಿದಳು.

“ಸರ, ಇದು ನಂದಲ್ರಿ.”

“ಯಾಕ? ಸಿಂಧನೂರು ಅಂತ ಬರದೈತಲ್ಲ.”

“ಊರು ನಂದ ರೀ. ಅಂಕಿ ನಂದಲ್ಲ. ಐದನೇ ದಿನ ನಾ ಎರಡು ಬರದೀನ್ರಿ, ಇಲ್ಲಿ ಒಂದು ಪಾಯಿಂಟ್ ಮೂರು ಐತಿ. ಏಳನೇ ದಿನ, ಎಂಟನೇ ದಿನ ಮೋಡ ಇತ್ರಿ. ನಾ ಏನೂ ನೋಡೇ ಇಲ್ಲ.”

“ಖಾಲಿ ಬಿಟ್ರ ಚೆಂದ ಕಾಣಂಗಿಲ್ಲವ್ವ, ನಡುವಿನ ಅಂಕಿ ಹಾಕೀನಿ. ಇನ್ನ ನಿಮ್ಮ ಸಿಂಧನೂರಾಗ ಗದ್ದಿ ನೀರಿನ ಮಂಜು, ರೈಸ್‌ಮಿಲ್ ದೂಳು. ನಿನಗ ಮಬ್ಬ ಕಾಣೂದ. ಅದನ್ನ ತಿದ್ದೀನಿ.”

“ದೂಳು ಬಾಲದ ಚುಕ್ಕಿಗಷ್ಟ ಅಡ್ಡ ಬರತೈತೇನ್ರಿ ಸರ? ಬಾಜೂದ ಚುಕ್ಕಿಗೂ ಅಷ್ಟ ಬಂದಿರತೈತಲ್ರಿ. ಅಷ್ಟ ಎತ್ತರದ ಚುಕ್ಕಿ ನೋಡಿ, ಎರಡೂ ಹೋಲಿಸಿ ಬರದೀನ್ರಿ.”

ಎಂ.ಎಸ್ಸಿ. ತರಗತಿಯಲ್ಲಿ ಕೊಡಬಹುದಾದ ಉತ್ತರ ಅದು. ಸರ್ ಲೋಟ ಕೈಗೆತ್ತಿಕೊಂಡು, “ಚಾ ಆರಾಕತ್ತೈತಿ, ಅವರಿಬ್ಬರಿಗೂ ಕೊಡು ಮೊದಲ,” ಎಂದರು.

ಆಕೆ ಕೊಟ್ಟಳು. ನಾನು ಕುಡಿದೆ.

ವರದಿಯ ಕೊನೆಯಲ್ಲಿ ವೀಕ್ಷಕರೆಂದು ಸರ್ ಅವರ ಮತ್ತು ನನ್ನ ಹೆಸರುಗಳಿದ್ದವು. ಕೆಳಗೆ ಚಿಕ್ಕ ಅಕ್ಷರದಲ್ಲಿ “ಸಹಕಾರ: ಪ್ರಯೋಗಾಲಯ ಸಿಬ್ಬಂದಿ, ಸಿಂಧನೂರು” ಎಂದಿತ್ತು. ಹತ್ತು ಸಂಜೆ ಕಾಲುವೆ ದಂಡೆಯ ಮೇಲೆ ಸೊಳ್ಳೆ ಕಡಿಸಿಕೊಂಡು ನಿಂತವಳಿಗೆ ಹೆಸರೂ ಉಳಿದಿರಲಿಲ್ಲ, ಅಂಕಿಯೂ ಉಳಿದಿರಲಿಲ್ಲ.

ಮನೆಗೆ ಬಂದು ದಿನಚರಿ ತೆಗೆದೆ. ನಮ್ಮಿಬ್ಬರ ಅಂಕಿ ಅಷ್ಟೊಂದು ಹೇಗೆ ಕೂಡಿದವು ಎಂಬ ಹುಳ ಕೊರೆಯುತ್ತಿತ್ತು. ಐದನೆಯ ದಿನದ ಪುಟದಲ್ಲಿ ನನ್ನದೇ ಅಕ್ಷರ: “6.20, ಹಿಟ್ಟು ನಾದಿದೆ. 6.35, ಫೋನಿನ ಆ್ಯಪ್‌ನಲ್ಲಿ ಧೂಮಕೇತು ಎಲ್ಲಿದೆ ನೋಡಿದೆ, 1.2 ಅಂತಿದೆ. 6.50, ಮಾಳಿಗೆ ಹತ್ತಿದೆ.” ಹಿಂದಿನ ಪುಟ, ಮುಂದಿನ ಪುಟ, ಎಲ್ಲ ಕಡೆ ಅದೇ. ದಿಕ್ಕು ತಿಳಿಯಲು ನೋಡುತ್ತಿದ್ದೆ, ಜೊತೆಗೆ ಅಂಕಿಯೂ ಕಣ್ಣಿಗೆ ಬೀಳುತ್ತಿತ್ತು. ಆಕಾಶದಲ್ಲಿ ನಾನು ನೋಡಿದ್ದು ಫೋನು ಹೇಳಿದ್ದನ್ನೇ. ಅದು ಅಳತೆಯಲ್ಲ, ಮುನ್ಸೂಚನೆ. ಹೊಳಪು ಹೀಗಿರಬಹುದೆಂದು ಮೊದಲೇ ಮಾಡಿಟ್ಟ ಲೆಕ್ಕ. ಸುಜಾತಾಳ ಬಳಿ ಇದ್ದದ್ದು ಬಟನ್ ಫೋನು.

ಆಗಲೇ ಸರ್‌ಗೆ ಫೋನ್ ಹಚ್ಚಿದೆ.

“ಸರ, ನೀವೂ ಆ್ಯಪ್ ನೋಡೇ ಮ್ಯಾಲ ಹೋಗ್ತಿದ್ರಿಲ್ರಿ?”

“ನೋಡಿದ್ರ ಏನಾತ್ರಿ? ಒಂದು ಅಂದಾಜು ಬೇಕಲ್ಲ.”

“ಹಂಗಾರ ನಮ್ಮಿಬ್ಬರದೂ ತೆಗೀರಿ. ಆಕಿದು ಇದ್ದಂಗ ಹಾಕ್ರಿ.”

“ಒಬ್ಬ ಅಟೆಂಡರ್ ಸಲುವಾಗಿ ಮೂರು ಊರಿನ ಕೆಲಸ ಕೆಡಸ್ತೀರೇನ್ರಿ ಮೇಡಂ?”

“ಮೂರು ಊರೆಲ್ಲಿ ಐತ್ರಿ ಸರ? ಎರಡು ಫೋನು, ಒಬ್ಬಾಕಿ ಕಣ್ಣು. ಅಷ್ಟ.”

ಅವರು ಫೋನ್ ಇಟ್ಟರು. ವರದಿ ಅವರ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಹಾಗೆಯೇ ಅಚ್ಚಾಯಿತು. ನನ್ನ ಹೆಸರು ತೆಗೆಯಿರಿ ಎಂದು ಬರೆದುಕೊಟ್ಟಿದ್ದೆ, ತೆಗೆಯಲಿಲ್ಲ. ಮೂರೂ ಊರಿನ ಕಾಲಮ್ಮುಗಳು ಒಂದಕ್ಕೊಂದು ಚೆಂದಾಗಿ ಹೊಂದಿಕೊಂಡು ಇವತ್ತಿಗೂ ಗ್ರಂಥಾಲಯದಲ್ಲಿ ಕೂತಿವೆ. ಆ ಸಂಚಿಕೆ ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಆ ಫೋನ್ ಮಾಡಿದ ಮರುದಿನವೇ ನಾನು ಸಿಂಧನೂರಿಗೆ, ಸುಜಾತಾಳ ಮನೆಗೆ ಹೋದೆ. ಬುದ್ಧನ ಚಿತ್ರದ ಕೆಳಗಿನ ಕಪಾಟಿನಿಂದ ಸುಜಾತಾ ನೂರು ಪುಟದ ನೋಟ್‌ಬುಕ್ ತೆಗೆದುಕೊಟ್ಟಳು. ಎಂಟು ದಿನ ಅಂಕಿ, ಎರಡು ದಿನ “ಮೋಡ”. ಒಂದು ಕಡೆಯೂ ಹೊಡೆದು ತಿದ್ದಿದ ಗುರುತಿಲ್ಲ.

“ನನ್ನದ ತಪ್ಪಾತವ್ವ, ಅವತ್ತ ನಾ ಮಾತಾಡಬೇಕಿತ್ತು,” ಎಂದೆ. ಆ್ಯಪಿನ ಸಂಗತಿಯನ್ನೂ ಹೇಳಿದೆ.

“ನೀವ ಹೇಳಿದ್ರಿ ಮೇಡಂ, ಮೊದಲ ಬರಿ ಆಮ್ಯಾಲ ಮಾತಾಡು ಅಂತ. ನಾ ಬರದೆ, ಮಾತಾಡ್ದೆ. ನೀವು ಎರಡೂ ಬಿಟ್ರಿ ನೋಡ್ರಿ,” ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, “ಆ ಚುಕ್ಕಿ ಇನ್ನೊಮ್ಮಿ ಬರಂಗಿಲ್ಲಲ್ರಿ. ಅದಕ್ಕ ಸಂಕಟ ಆತು,” ಎಂದಳು.

ಹವ್ಯಾಸಿ ವೀಕ್ಷಕರ ಅಳತೆಗಳನ್ನು ದೇಶವಿದೇಶಗಳಿಂದ ಕೂಡಿಸಿಡುವ ಒಂದು ಸಂಘಕ್ಕೆ ಆಕೆಯ ಪುಟಗಳನ್ನು ಇದ್ದ ಹಾಗೆಯೇ ಕಳಿಸಿದೆ. ಎಂಟೂ ಅಂಕಿಗಳು ಆಕೆಯ ಪೂರ್ತಿ ಹೆಸರಿನಲ್ಲಿ ಪಟ್ಟಿಗೆ ಸೇರಿದವು. ಬೇರೆ ಊರುಗಳ ವೀಕ್ಷಕರು ಬರೆದದ್ದೂ ಆಕೆಯ ಅಂಕಿಗಳ ಆಸುಪಾಸಿನಲ್ಲೇ ಇತ್ತು. ನನ್ನ ಹತ್ತು ಅಂಕಿಗಳನ್ನು ನಾನು ಎಲ್ಲಿಗೂ ಕಳಿಸಲಿಲ್ಲ.

ಬಸಣ್ಣ ಸರ್ ಮೇಲಿನ ಸಿಟ್ಟು ಒಂದು ತೂಕವಾದರೆ ನನ್ನ ಮೇಲಿನದು ಇನ್ನೊಂದು ತೂಕ. ಪ್ರತಿ ವರ್ಷ ದಾರಕ್ಕೆ ಗುಂಡು ಕಟ್ಟಿದ ಲೋಲಕದಿಂದ ಭೂಮಿಯ ಗುರುತ್ವ ಅಳೆಯುವ ಪ್ರಯೋಗ ಶುರುವಾಗುವ ಮುನ್ನ ಮಕ್ಕಳು ಒಂದು ಪ್ರಶ್ನೆ ಕೇಳುತ್ತಾರೆ: “ಮೇಡಂ, ಉತ್ತರ ಎಷ್ಟು ಬರಬೇಕ್ರಿ?” ಇಪ್ಪತ್ತೆರಡು ವರ್ಷ ನಾನು “ಒಂಬತ್ತು ಪಾಯಿಂಟ್ ಎಂಟು” ಎಂದು ಹೇಳಿಕೊಟ್ಟಿದ್ದೇನೆ, ಅವರು ಅದು ಬರುವ ಹಾಗೆ ರೀಡಿಂಗ್ ಬರೆದಿದ್ದಾರೆ, ನಾನು ಕೆಂಪು ಶಾಯಿಯಲ್ಲಿ ಸರಿ ಹಾಕಿದ್ದೇನೆ. ಸುಜಾತಾಳ ಅಂಕಿ ತಿದ್ದಿದ ಕೈ ಎಂಥ ಲ್ಯಾಬಿನಲ್ಲಿ ಪಳಗಿತೆಂದು ನಾನು ಯಾರನ್ನೂ ಕೇಳಬೇಕಾಗಿಲ್ಲ.

ಈಗಲೂ ಆ ಪ್ರಶ್ನೆ ಬರುತ್ತದೆ. “ನಿನಗೆಷ್ಟು ಬಂತು, ಅದನ್ನ ಬರಿ,” ಎನ್ನುತ್ತೇನೆ. ಮೊನ್ನೆ ಒಬ್ಬಳಿಗೆ ಹನ್ನೊಂದು ಬಂತು. ಸರಿ ಹಾಕಲಿಲ್ಲ, ತಪ್ಪೂ ಹಾಕಲಿಲ್ಲ. ಪಕ್ಕದಲ್ಲಿ ಕುರ್ಚಿ ಎಳೆದು ಕೂರಿಸಿಕೊಂಡು, ಇಬ್ಬರೂ ಲೋಲಕದ ದಾರದ ಉದ್ದವನ್ನು ಮತ್ತೊಮ್ಮೆ ಅಳೆದೆವು.